ಕೆಚ್ಚಲಿನ ಬಿಸಿ

ಮಗುವಿನ ಮೈ ಬಿಸಿಯಾಗಿದೆಯೇ ಎಂದು ನೋಡುವುದಕ್ಕೆ ನಮ್ಮಲ್ಲಿ ಯಾರೂ ಮೊದಲು ಥರ್ಮಾಮೀಟರ್ ಹುಡುಕುವುದಿಲ್ಲ. ಕೈಯ ಹಿಂಬದಿಯನ್ನು ಹಣೆಗೆ ಇಡುತ್ತೇವೆ; ಅನುಮಾನ ತೀರದಿದ್ದರೆ ಕತ್ತಿನ ಸಂದಿಗೆ. ಪಾತ್ರೆ ಉಜ್ಜಿ, ಬಟ್ಟೆ ಹಿಂಡಿ ಅಂಗೈ ಒರಟಾಗಿರುತ್ತದೆ, ಹಿಂಬದಿಗೆ ಮಾತ್ರ ಇನ್ನೂ ಒಂದಿಷ್ಟು ಸೂಕ್ಷ್ಮ ಉಳಿದಿರುತ್ತದೆ ಎಂದು ಕಾಣುತ್ತದೆ. ಹಾಲಿಗೆ ಹೆಪ್ಪು ಹಾಕುವಾಗ, ಬಾಣಂತಿಗೆ ನೀರು ಹದ ಮಾಡುವಾಗ ಎಲ್ಲಕ್ಕೂ ಕೈಯೇ ಪ್ರಮಾಣ. ಉಗುರುಬೆಚ್ಚಗೆ ಎಂದರೆ ಎಷ್ಟು ಡಿಗ್ರಿ ಎಂದು ಅತ್ತೆಯನ್ನು ಕೇಳಿದ ಸೊಸೆಯನ್ನು ನಾನಂತೂ ಕಂಡಿಲ್ಲ.

ಕೊರೋನಾ ಬಂದು ಈ ನಂಬಿಕೆಯನ್ನು ಒಂದಿಷ್ಟು ಅಲ್ಲಾಡಿಸಿತು. 2021ರಲ್ಲಿ ಶಾಲೆ ಮತ್ತೆ ತೆರೆದಾಗ ಗೇಟಿನ ಬಳಿ ಪಿಸ್ತೂಲಿನಂಥ ಒಂದು ಸಾಧನ ಹಿಡಿದು ಮಕ್ಕಳ ಹಣೆಗೆ ಗುರಿಯಿಡುವ ಕೆಲಸ ನಮ್ಮ ಪಾಲಿಗೆ ಬಂತು. ಮುಟ್ಟುವ ಹಾಗಿಲ್ಲ, ಆದರೆ ಬಿಸಿ ಗೊತ್ತಾಗಬೇಕು. ಮೊದಲ ವಾರದಲ್ಲೇ ಅದರ ಗುಣ ನಮಗೆ ತಿಳಿಯಿತು. ಮೂರು ಮೈಲಿ ಬಿಸಿಲಲ್ಲಿ ಸೈಕಲ್ ತುಳಿದು ಬಂದ ಹುಡುಗನ ಹಣೆ ಜ್ವರ ತೋರಿಸುತ್ತಿತ್ತು. ಅವನನ್ನು ಹೊಂಗೆ ಮರದ ನೆರಳಲ್ಲಿ ಹತ್ತು ನಿಮಿಷ ನಿಲ್ಲಿಸಿ ಮತ್ತೆ ನೋಡಿದರೆ ಜ್ವರ ಮಾಯ! ನಮ್ಮ ಜವಾನ ಇದಕ್ಕೆ "ಮರದ ಔಷಧಿ" ಎಂದು ಹೆಸರಿಟ್ಟಿದ್ದ. ಸಾಧನ ಸುಳ್ಳು ಹೇಳುತ್ತಿರಲಿಲ್ಲ. ಅದು ಹೇಳುತ್ತಿದ್ದುದು ಚರ್ಮದ ಮೇಲಿನ ಬಿಸಿಯನ್ನು ಮಾತ್ರ; ಆ ಬಿಸಿ ಒಳಗಿನಿಂದ ಬಂದದ್ದೋ ಬಿಸಿಲಿನಿಂದ ಬಂದದ್ದೋ ಎಂಬುದನ್ನು ನಾವೇ ಯೋಚಿಸಬೇಕಾಗಿತ್ತು.

ಈ ಮಾತು ನನಗೆ ಮತ್ತೆ ಉಪಯೋಗಕ್ಕೆ ಬಂದದ್ದು ದನದ ಕೊಟ್ಟಿಗೆಯಲ್ಲಿ.

ನನ್ನ ತವರು ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯ ಒಂದು ಸಣ್ಣ ಹಳ್ಳಿ. ತೆಂಗು, ರಾಗಿ, ಹಿತ್ತಲಲ್ಲಿ ಎರಡು ಮೂರು ದನ. ನಮ್ಮ ಕಡೆಯ ಬಹುಪಾಲು ಮನೆಗಳ ಲೆಕ್ಕಾಚಾರ ಇಷ್ಟೇ. ಅಮ್ಮನ ಕಾಲದಲ್ಲಿ ಕೊಟ್ಟಿಗೆಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು, ಒಂದು ನಾಟಿ ಹಸು. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಅಮ್ಮ ಕೊಟ್ಟಿಗೆಗೆ ಹೋಗಿ ಒಂದೊಂದರ ಕಿವಿಯ ಬುಡ ಹಿಡಿದು ನೋಡುತ್ತಿದ್ದಳು. ಮೂತಿಯ ಮೇಲೆ ಬೆವರಿನ ಹನಿ ಇದೆಯೇ, ಮೆಲುಕು ಹಾಕುತ್ತಿದೆಯೇ ಎಂದು ಗಮನಿಸುತ್ತಿದ್ದಳು. "ಯಾಕೋ ಇದರ ಮೈ ಸರಿ ಇಲ್ಲ" ಎಂದು ಅವಳು ಹೇಳಿದ ಮರುದಿನ ಎತ್ತು ಮೇವು ಬಿಟ್ಟದ್ದನ್ನು ನಾನು ನೋಡಿದ್ದೇನೆ. ಆಗ ಅದು ಪವಾಡದಂತೆ ಕಾಣುತ್ತಿತ್ತು. ದಿನವೂ ಮುಟ್ಟಿದವಳಿಗೆ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ, ಅಷ್ಟೇ.

ಆಮೇಲೆ ಸೀಮೆಹಸುಗಳ ಕಾಲ ಬಂತು. ಕರುವಿಗೆ ಬಿಟ್ಟು ಒಂದೆರಡು ಲೀಟರು ಕೊಡುತ್ತಿದ್ದ ನಾಟಿ ಹಸುವಿನ ಜಾಗದಲ್ಲಿ ದಿನಕ್ಕೆ ಹತ್ತು ಹದಿನೈದು ಲೀಟರು ಕರೆಯುವ ಕಪ್ಪು ಬಿಳಿ ಹಸುಗಳು ನಿಂತವು. ತೆಂಗಿನ ಕಾಯಿಯ ದುಡ್ಡು ಗಂಡಸರ ಜೇಬಿಗೆ, ಹಾಲಿನ ದುಡ್ಡು ಹೆಂಗಸರ ಸೆರಗಿಗೆ ಎಂಬ ಒಂದು ಅಲಿಖಿತ ಪಾಲುಪಟ್ಟಿ ನಮ್ಮ ಮನೆಗಳಲ್ಲಿದೆ. ಹೆಂಗಸರಿಗೆಂದೇ 1986-87ರಲ್ಲಿ ಕೇಂದ್ರ ಸರ್ಕಾರ ತಂದ 'ಸ್ಟೆಪ್' ಯೋಜನೆಯ ನೆರವಿನಿಂದ ಕರ್ನಾಟಕದಲ್ಲಿ ಎಷ್ಟೋ ಮಹಿಳಾ ಹಾಲು ಸಂಘಗಳು ಹುಟ್ಟಿಕೊಂಡವು. ಅಲ್ಲಿ ಅಧ್ಯಕ್ಷೆಯೂ ಹೆಂಗಸು, ಲೆಕ್ಕ ಬರೆಯುವವಳೂ ಹೆಂಗಸು. ಪೇಟೆಯಲ್ಲಿ ಕೂತು ಪ್ಯಾಕೆಟ್ ಹಾಲು ಕತ್ತರಿಸುವ ನಮಗೆ ಇದರ ಅರಿವು ಅಷ್ಟಾಗಿ ಇಲ್ಲ. ಆ ಪ್ಯಾಕೆಟಿನ ಹಿಂದೆ ಯಾರದೋ ಮಗಳ ಕಾಲೇಜು ಫೀಜು ಇರುತ್ತದೆ.

ನಮ್ಮ ಅತ್ತಿಗೆಯ ಹಾಲಿನ ಹಿಂದೆ ಇದ್ದದ್ದೂ ಅದೇ. ಮೂರು ವರ್ಷದ ಹಿಂದಿನ ಮಾತು. ಎರಡನೆಯ ಸಲ ಕರು ಹಾಕಿದ ಹಸು, ದಿನಕ್ಕೆ ಹದಿನಾಲ್ಕು ಲೀಟರು ಹಾಲು. ಸ್ತ್ರೀಶಕ್ತಿ ಸಂಘದಲ್ಲಿ ತೆಗೆದ ಸಾಲದ ಕಂತು ಅದರಿಂದಲೇ ಸಾಗುತ್ತಿತ್ತು. ಒಂದು ಸಂಜೆ ಹಾಲು ಕರೆಯುವಾಗ ಕೊನೆಯ ಧಾರೆಯಲ್ಲಿ ಮೊಸರಿನ ಚೂರಿನಂಥ ಗಡ್ಡೆ ಕಾಣಿಸಿತು. ಬೆಳಗಾಗುವುದರಲ್ಲಿ ಬಲಗಡೆ ಹಿಂದಿನ ಮೊಲೆಯ ಭಾಗ ಕಲ್ಲಿನಂತಾಗಿತ್ತು. ಕೈ ಹಾಕಿದರೆ ಒದೆಯುತ್ತಿತ್ತು, ಸೊರ ಬಿಡಲಿಲ್ಲ. ಡಾಕ್ಟರು ಬಂದರು, ದಿನವೂ ಇಂಜೆಕ್ಷನ್ ಆಯಿತು, ಅಷ್ಟೂ ದಿನದ ಹಾಲನ್ನು ಹೊರಗೆ ಗುಂಡಿಗೆ ಚೆಲ್ಲಿದರು. ಹಸು ಉಳಿಯಿತು, ಆ ಒಂದು ಮೊಲೆ ಬತ್ತಿಹೋಯಿತು. ಮನೆಗೆ ಬಂದ ದಲ್ಲಾಳಿ ಒಂದು ಸುತ್ತು ಹಾಕಿ ನೋಡಿ, "ಮೂರು ಮೊಲೆ ಹಸು ಕಣ್ರವ್ವ" ಎಂದು ಅರ್ಧ ಬೆಲೆಗೆ ಕೇಳಿದ. ಅತ್ತಿಗೆ ಕೊಡಲಿಲ್ಲ. ಆದರೆ ನಷ್ಟಕ್ಕಿಂತ ಬೇರೆ ಒಂದು ಸಂಗತಿ ಆಕೆಯನ್ನು ಕೊರೆಯುತ್ತಿತ್ತು.

"ದಿನಾ ಎರಡು ಹೊತ್ತು ಇದೇ ಕೈನಲ್ಲಿ ಹಿಂಡ್ತೀನಲ್ಲವ್ವ, ನಂಗೆ ಯಾಕೆ ಗೊತ್ತಾಗ್ಲಿಲ್ಲ?"

ಇದಕ್ಕೆ ಉತ್ತರ ಹೇಳಿದವಳು ಅಣ್ಣನ ಮಗಳು. ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಕೆಚ್ಚಲು ಬಾವಿನಲ್ಲಿ ಎರಡು ಬಗೆಯಂತೆ. ಒಂದು ಕಣ್ಣಿಗೆ ಕಾಣುವುದು: ಊತ, ನೋವು, ಗಡ್ಡೆಗಟ್ಟಿದ ಹಾಲು. ಇನ್ನೊಂದು ಒಳಗೊಳಗೇ ಇರುವುದು: ಕೆಚ್ಚಲು ನೋಡಲು ಚೆನ್ನಾಗಿಯೇ ಇರುತ್ತದೆ, ಹಾಲೂ ಬೆಳ್ಳಗೇ ಇರುತ್ತದೆ, ಆದರೆ ಸೂಕ್ಷ್ಮಜೀವಿ ಮೊಲೆಯ ತೂತಿನಿಂದ ಒಳಗೆ ಹೋಗಿ ಮನೆ ಮಾಡಿರುತ್ತದೆ. ದಿನಕ್ಕೆ ಅರ್ಧ ಲೀಟರು, ಮುಕ್ಕಾಲು ಲೀಟರು ಎಂದು ಹಾಲು ಇಳಿಯುತ್ತದೆ. ನಾವು ಮೇವು ಸಾಲದು, ಹಿಂಡಿ ಸರಿಯಿಲ್ಲ ಎಂದುಕೊಳ್ಳುತ್ತೇವೆ. ಕೆಚ್ಚಲಿನ ನಾಲ್ಕು ಭಾಗಗಳ ನಡುವೆ ಒಳಗೆ ಗೋಡೆಯಿದೆ, ಒಂದರ ಹಾಲು ಇನ್ನೊಂದಕ್ಕೆ ಹೋಗುವುದಿಲ್ಲ. ಹಾಗಾಗಿ ಒಂದು ಕೆಟ್ಟರೂ ಉಳಿದ ಮೂರರ ಹಾಲು ಸೇರಿ ಕೆಟ್ಟದ್ದು ಮರೆಯಾಗಿಬಿಡುತ್ತದೆ. "ಕೈದಲ್ಲ ಕಣವ್ವ ತಪ್ಪು. ಆಗಿನ್ನೂ ಒಂದೇ ಡಿಗ್ರಿ ಹೆಚ್ಚು ಇರುತ್ತೆ. ಬಿಸಿನೀರಲ್ಲಿ ತೊಳೆದ ಕೆಚ್ಚಲಿಗೆ ಬಿಸಿನೀರಲ್ಲಿ ಅದ್ದಿದ ಕೈ ಇಟ್ರೆ ಅದು ಹೇಗೆ ಗೊತ್ತಾಗುತ್ತೆ?" ಎಂದಳು ತಾಯಿಗೆ. ನನಗೆ ಆ ಮಾತು ಬಹಳ ಹಿಡಿಸಿತು.

ಕಳೆದ ಚಳಿಗಾಲದ ರಜೆಗೆ ಬಂದಾಗ ಅವಳು ತನ್ನ ಸೀನಿಯರ್ ಒಬ್ಬರ ಬಳಿ ಒಂದು ವಾರದ ಮಟ್ಟಿಗೆ ಕೇಳಿ ಪಡೆದ ಪುಟ್ಟ ಕ್ಯಾಮೆರಾ ತಂದಿದ್ದಳು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಮೊಬೈಲಿನ ಬುಡಕ್ಕೆ ಸಿಕ್ಕಿಸುವಂಥದು. ಥರ್ಮಲ್ ಕ್ಯಾಮೆರಾ. ನಾನೂ ತವರಿನಲ್ಲೇ ಇದ್ದೆ. ಬೆಳಿಗ್ಗೆ ಐದೂವರೆಗೆ, ಇನ್ನೂ ಕತ್ತಲಿರುವಾಗಲೇ, ದೀಪವನ್ನೂ ಹಾಕದೆ ನಮ್ಮನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದಳು.

ಮೊಬೈಲಿನ ಪರದೆಯ ಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಕತ್ತಲೆಯೊಳಗೆ ಹಸು ಉರಿಯುವ ಕೆಂಡದ ಹಾಗೆ ನಿಂತಿತ್ತು. ಕೊಂಬಿನ ತುದಿ, ಬಾಲದ ಕುಚ್ಚು ನೀಲಿ, ಬೆನ್ನು ನೇರಳೆ, ಕಣ್ಣಿನ ಮೂಲೆ ಮತ್ತು ಕೆಚ್ಚಲು ಕಿತ್ತಳೆ, ಹಳದಿ. ಮಲಗಿದ್ದ ಕರು ಎದ್ದು ಆಚೆ ಹೋಯಿತು. ಅದು ಮಲಗಿದ್ದ ಜಾಗದಲ್ಲಿ ಕರುವಿನ ಆಕಾರದ ಒಂದು ಬೆಳಕು ಸ್ವಲ್ಪ ಹೊತ್ತು ಹಾಗೆಯೇ ಉಳಿದಿತ್ತು. ಅತ್ತಿಗೆ ಗೋಡೆಗೆ ಕೈಕೊಟ್ಟು ನಿಂತಿದ್ದವರು ಕೈ ತೆಗೆದರೆ ಗೋಡೆಯ ಮೇಲೆ ಐದು ಬೆರಳೂ ಮೂಡಿದ್ದವು. "ಅಯ್ಯೋ, ಗೋಡೆಗೂ ಜ್ವರ ಬಂತಲ್ಲೇ!" ಎಂದು ನಗತೊಡಗಿದರು.

ನಾನು ಬಿ.ಎ., ಬಿ.ಎಡ್. ಓದಿ ಸಮಾಜ ಪಾಠ ಹೇಳುವವಳು. ಆದರೂ ತಿಳಿದಷ್ಟನ್ನು ಹೇಳುತ್ತೇನೆ. ಬಿಸಿಯಿರುವ ಯಾವ ವಸ್ತುವೂ ಕಣ್ಣಿಗೆ ಕಾಣದ ಒಂದು ಬಗೆಯ ಕಿರಣವನ್ನು ಬಿಡುತ್ತಲೇ ಇರುತ್ತದೆ. ಬಿಸಿ ಹೆಚ್ಚಿದಷ್ಟೂ ಕಿರಣ ಹೆಚ್ಚು. ಇದಕ್ಕೆ ಅವಕೆಂಪು ಕಿರಣ ಎನ್ನುತ್ತಾರೆ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಬಿಸಿಲನ್ನು ಗಾಜಿನ ಪಟ್ಟಕದಿಂದ ಒಡೆದು, ಒಂದೊಂದು ಬಣ್ಣದಲ್ಲೂ ಥರ್ಮಾಮೀಟರ್ ಇಟ್ಟು ನೋಡುತ್ತಿದ್ದಾಗ, ಕೆಂಪಿನ ಆಚೆ ಬಣ್ಣವೇ ಇಲ್ಲದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿದ್ದನ್ನು ಕಂಡ. (ಅವನ ತಂಗಿ ಕ್ಯಾರೊಲಿನ್ ಕೂಡ ಧೂಮಕೇತುಗಳನ್ನು ಕಂಡುಹಿಡಿದ ವಿಜ್ಞಾನಿಯೇ. ಅಣ್ಣನ ಹೆಸರು ಬಂದಾಗ ತಂಗಿಯದನ್ನೂ ಹೇಳಿಬಿಡುವುದು ನನ್ನ ಅಭ್ಯಾಸ.) ಥರ್ಮಲ್ ಕ್ಯಾಮೆರಾ ಆ ಕಿರಣವನ್ನು ಹಿಡಿದು ಲೆಕ್ಕ ಹಾಕಿ, ಬಿಸಿಗೆ ತಕ್ಕಂತೆ ಬಣ್ಣ ತುಂಬುತ್ತದೆ. ಬಣ್ಣ ಹಸುವಿನದಲ್ಲ, ಕ್ಯಾಮೆರಾದ್ದು.

ಈ ಕೊನೆಯ ಮಾತು ಮುಖ್ಯ. ಮೊದಲ ದಿನವೇ ಒಂದು ಹಸುವಿನ ಕೆಚ್ಚಲಿನ ಎಡಭಾಗ ಕೆಂಪಗೆ ಕಂಡು ಅತ್ತಿಗೆಯ ಮುಖ ಬಾಡಿತು. ಹುಡುಗಿ ಅವಸರ ಮಾಡಲಿಲ್ಲ. ಹಸು ಆ ಮಗ್ಗುಲಲ್ಲೇ ರಾಗಿಹುಲ್ಲಿನ ಮೇಲೆ ಮಲಗಿ ಆಗತಾನೇ ಎದ್ದಿತ್ತು. ಅರ್ಧ ಗಂಟೆ ನಿಲ್ಲಿಸಿ ನೋಡಿದರೆ ನಾಲ್ಕೂ ಭಾಗ ಒಂದೇ ಬಣ್ಣ. ನನಗೆ ನಮ್ಮ ಹೊಂಗೆ ಮರದ ಔಷಧಿ ನೆನಪಾಯಿತು. ಬಿಸಿಲಲ್ಲಿ ಕಟ್ಟಿದ ದನವನ್ನು ನೋಡಬಾರದು, ಆಗತಾನೇ ತೊಳೆದ ಕೆಚ್ಚಲನ್ನು ನೋಡಬಾರದು, ಸಗಣಿ ಮೆತ್ತಿದ್ದರೆ ಅಲ್ಲಿ ತಂಪಾಗಿ ಕಾಣುತ್ತದೆ, ಗಾಳಿ ಬೀಸುತ್ತಿದ್ದರೂ ಲೆಕ್ಕ ತಪ್ಪುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಈ ಹಸುವನ್ನು ಆ ಹಸುವಿನ ಜೊತೆ ಹೋಲಿಸಬಾರದು; ಅದೇ ಹಸುವಿನ ಒಂದು ಮೊಲೆಯನ್ನು ಇನ್ನೊಂದರ ಜೊತೆ, ಇವತ್ತಿನದನ್ನು ನಿನ್ನೆಯದರ ಜೊತೆ ಹೋಲಿಸಬೇಕು. ಅಮ್ಮ ಕಿವಿಯ ಬುಡ ಹಿಡಿಯುತ್ತಿದ್ದಾಗ ಮಾಡುತ್ತಿದ್ದುದೂ ಇದೇ ಲೆಕ್ಕವಲ್ಲವೇ?

ಇದು ಓದುವ ಹುಡುಗಿಯ ಆಟ ಎಂದು ಯಾರೂ ತಿಳಿಯಬೇಡಿ. ಬೆಂಗಳೂರಿನ ಆಡುಗೋಡಿಯಲ್ಲಿ ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ. ಆ ಸಂಸ್ಥೆ ಶುರುವಾದದ್ದೇ ಅಲ್ಲಿ, 1923ರಲ್ಲಿ. ಮುಖ್ಯ ಕಚೇರಿ ಕರ್ನಾಲಿಗೆ ಹೋದದ್ದು 1955ರಲ್ಲಿ. 1927ರಲ್ಲಿ ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ಅಲ್ಲಿಗೆ ಹೋಗಿ ಹಸು ಸಾಕುವ ಕ್ರಮ ನೋಡಿದರು, ಭೇಟಿ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು ಎಂಬುದನ್ನು ನಾನು ತರಗತಿಯಲ್ಲಿ ಹೇಳುವುದುಂಟು. ಅದೇ ಆಡುಗೋಡಿಯ ವಿಜ್ಞಾನಿಗಳು ಥರ್ಮಲ್ ಕ್ಯಾಮೆರಾದಿಂದ ಹಸುಗಳ ಕೆಚ್ಚಲನ್ನು ಪರೀಕ್ಷಿಸಿ, ಸೀಮೆ ಮಿಶ್ರತಳಿಯ ಹಸುಗಳ ಬಗ್ಗೆ 2016ರಲ್ಲಿ, ಬೀದರ್ ಕಡೆಯ ದೇವಣಿ ಹಸುಗಳ ಬಗ್ಗೆ 2018ರಲ್ಲಿ ಬರೆದರು. ಮಿಶ್ರತಳಿಯಲ್ಲಿ ಬಾವು ಹತ್ತಿದ ಭಾಗದ ಚರ್ಮ ಒಂದು ಡಿಗ್ರಿಯ ಆಸುಪಾಸಿನಷ್ಟು ಹೆಚ್ಚು ಬಿಸಿ ಇತ್ತು. ಹುಡುಗಿ ತಾಯಿಗೆ ಹೇಳಿದ ಆ "ಒಂದೇ ಡಿಗ್ರಿ" ಬಂದದ್ದು ಅಲ್ಲಿಂದ.

ಬೇರೆ ದೇಶಗಳಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಕೆನಡಾದಲ್ಲಿ ಕರುಗಳು ನೀರು ಕುಡಿಯುವ ತೊಟ್ಟಿಯ ಬಳಿಯೇ ಕ್ಯಾಮೆರಾ ಇಟ್ಟು, ಕುಡಿಯಲು ಬಂದ ಕರುವಿನ ಕಣ್ಣಿನ ಬಿಸಿ ಅಳೆದು, ಶ್ವಾಸಕೋಶದ ಕಾಯಿಲೆಯನ್ನು ಮೊದಲೇ ಗುರುತಿಸುವ ಪ್ರಯೋಗ ಮಾಡಿದ್ದಾರೆ. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಲುಬಾಯಿ ಜ್ವರ ತಗಲಿದ ದನಗಳಲ್ಲಿ ಕೆಲವಕ್ಕೆ ಗುಳ್ಳೆ ಏಳುವ ಮೊದಲೇ ಗೊರಸು ಬಿಸಿಯಾದದ್ದು ಕಂಡಿತು. ಇದನ್ನು ಕೇಳಿದಾಗ ನನ್ನ ಮನಸ್ಸು ಹೋದದ್ದು ನಮ್ಮ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗೆ. ಎಲ್ಲೆಲ್ಲಿಂದಲೋ ಹಳ್ಳಿಕಾರ್ ಹೋರಿಗಳು ಬಂದು ಸೇರುವ ಅಂಥ ಕಡೆ, ಬಾಗಿಲಲ್ಲೇ ಒಬ್ಬರು ಗೊರಸು ನೋಡಿ ಬಿಡುವಂತಿದ್ದರೆ? 2013ರಲ್ಲಿ ಕಾಲುಬಾಯಿ ಜ್ವರ ರಾಜ್ಯದ ತುಂಬ ಹಬ್ಬಿದಾಗ ಕೊಟ್ಟಿಗೆಗಳು ಬರಿದಾದದ್ದನ್ನು ಕಂಡವರು ಈ ಆಸೆಯನ್ನು ನಗಲಾರರು. 2022ರ ಚರ್ಮಗಂಟು ರೋಗದಲ್ಲೂ ಹಾಗೆಯೇ, ಗಂಟು ಏಳುವ ಮೊದಲು ಜ್ವರ ಬರುತ್ತಿತ್ತು. ದನಗಳ ಜಾತ್ರೆಗಳಿಗೆ ತಡೆ ಬಿದ್ದ ಆ ದಿನಗಳಲ್ಲಿ ಅತ್ತಿಗೆ ಹೊತ್ತು ಹೊತ್ತಿಗೂ ಹೋಗಿ ಕಿವಿ ಮುಟ್ಟಿ ನೋಡಿ ಬರುತ್ತಿದ್ದರಂತೆ.

ಕ್ಯಾಮೆರಾ ಮನೆಯಲ್ಲಿದ್ದ ಐದನೆಯ ಬೆಳಿಗ್ಗೆ ಎರಡನೆಯ ಹಸುವಿನ ಎಡ ಮುಂದಿನ ಮೊಲೆಯ ಭಾಗ ಉಳಿದ ಮೂರಕ್ಕಿಂತ ಬಣ್ಣ ಏರಿಸಿಕೊಂಡು ಕಂಡಿತು. ಅಂಕಿ ನೋಡಿದರೆ ಒಂದು ಡಿಗ್ರಿಗೆ ಚೂರು ಹೆಚ್ಚು. ನಿಲ್ಲಿಸಿ ನೋಡಿದರೂ ಅಷ್ಟೇ, ಸಂಜೆಯೂ ಅಷ್ಟೇ. ಅತ್ತಿಗೆ ಮುಟ್ಟಿ, "ನಂಗೇನೂ ಗೊತ್ತಾಗಲ್ಲ" ಎಂದರು. ನಾನೂ ಮುಟ್ಟಿ ನೋಡಿದೆ, ನನಗೂ ಗೊತ್ತಾಗಲಿಲ್ಲ. ಹಾಲು ಬೆಳ್ಳಗಿತ್ತು, ಹಸು ಹಿಂಡಿ ಬೂಸ ತಿಂದು ಆರಾಮವಾಗಿತ್ತು.

ಆಗ ಹುಡುಗಿ ಬಚ್ಚಲಿಗೆ ಹೋಗಿ ಬಟ್ಟೆ ಒಗೆಯುವ ಪುಡಿ ತಂದಳು. ಓದುಗರು ನಗಬೇಡಿ, ನೂರು ಪಾಲು ನೀರಿಗೆ ಮೂರು ಪಾಲು ಪುಡಿ ಕದಡಿ, ಒಂದೊಂದು ಮೊಲೆಯ ಹಾಲನ್ನು ಬೇರೆ ಬೇರೆ ಬಟ್ಟಲಿಗೆ ಹಿಡಿದು, ಹಾಲಿನಷ್ಟೇ ಆ ನೀರು ಸೇರಿಸಿ ಮೆಲ್ಲಗೆ ಆಡಿಸಬೇಕು. ಒಳ್ಳೆಯ ಹಾಲು ನೀರಾಗಿಯೇ ಇರುತ್ತದೆ. ಬಾವು ಹತ್ತಿದ ಮೊಲೆಯ ಹಾಲಿನಲ್ಲಿ ದೇಹ ಕಳಿಸಿದ ರಕ್ಷಣಾ ಕಣಗಳು ತುಂಬಿರುತ್ತವೆ; ಸೋಪು ಅವನ್ನು ಒಡೆದಾಗ ಹಾಲು ಲೋಳೆಯಾಗುತ್ತದೆ. ಮೂರು ಬಟ್ಟಲು ನೀರಾಗಿದ್ದವು. ನಾಲ್ಕನೆಯದು ಲೋಳೆಸರದ ತಿರುಳಿನ ಹಾಗೆ ಒಂದೇ ಮುದ್ದೆಯಾಗಿ ಜಾರಿತು. ಅತ್ತಿಗೆ ಬಟ್ಟಲನ್ನು ಹಿಡಿದುಕೊಂಡು ಸುಮಾರು ಹೊತ್ತು ಮಾತಾಡಲಿಲ್ಲ.

ಡಾಕ್ಟರು ಬಂದು ನೋಡಿ ಚಿಕಿತ್ಸೆ ಶುರು ಮಾಡಿದರು. ಆ ಹಸುವನ್ನು ಕೊನೆಯಲ್ಲಿ ಕರೆಯಬೇಕು, ಇಲ್ಲದಿದ್ದರೆ ಕೈಯೇ ರೋಗವನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಔಷಧಿ ನಡೆದಿರುವಷ್ಟು ದಿನ ಮತ್ತು ಅವರು ಹೇಳಿದ ಗಡುವು ಮುಗಿಯುವವರೆಗೆ ಹಾಲು ಡೈರಿಗೂ ಬೇಡ, ಮನೆಗೂ ಬೇಡ ಎಂದರು. ಇನ್ನೊಂದು ಮಾತೂ ಹೇಳಿದರು. ಕರೆದಾದ ಮೇಲೆ ಮೊಲೆಯ ತೂತು ಸುಮಾರು ಅರ್ಧ ಗಂಟೆ ತೆರೆದೇ ಇರುತ್ತದೆ, ಆಗ ಹಸು ನೆಲದ ಮೇಲೆ ಮಲಗಿದರೆ ಕೊಳೆ ಒಳಗೆ ಹೋಗುತ್ತದೆ. ಆದ್ದರಿಂದ ಮೇವನ್ನು ಕರೆಯುವ ಮೊದಲಲ್ಲ, ಕರೆದ ಮೇಲೆ ಹಾಕಿ, ತಿನ್ನುತ್ತ ನಿಂತಿರಲಿ. ಕಾಸು ಖರ್ಚಿಲ್ಲದ ಈ ಸಲಹೆ ಕೇಳಿ ಅಣ್ಣನಿಗೆ ಅತ್ಯಂತ ಸಂತೋಷವಾಯಿತು. ಆ ಮೊಲೆ ಉಳಿಯಿತು.

ಸುದ್ದಿ ಕೇರಿಯಲ್ಲಿ ಹಬ್ಬಿ ಸಂಜೆಗೆ ಹಟ್ಟಿಯ ಮುಂದೆ ಏಳೆಂಟು ಹೆಂಗಸರು ಸೇರಿದರು. ಬಹಳ ಜನ ಕೇಳಿದ್ದು ಒಂದೇ: ಎಷ್ಟಾಗುತ್ತದೆ? ಮೊಬೈಲಿಗೆ ಸಿಕ್ಕಿಸುವಂಥದಕ್ಕೇ ಇಪ್ಪತ್ತು ಸಾವಿರದ ಮೇಲೆ, ಒಳ್ಳೆಯದಕ್ಕೆ ಲಕ್ಷಗಳು ಎಂದಾಗ ಒಬ್ಬಾಕೆ, "ಅಷ್ಟಿದ್ರೆ ಇನ್ನೊಂದು ಕಡಸು ತತ್ತೀನಿ ಕಣವ್ವ" ಎಂದಳು. ಆಕೆಯ ಲೆಕ್ಕದಲ್ಲಿ ನನಗೆ ತಪ್ಪು ಕಾಣಲಿಲ್ಲ. ಇನ್ನೂರು ಹಸುಗಳ ಫಾರಂ ಮಾಡಿದವನು ನೌಕರರಿಟ್ಟು ದಿನವೂ ಪಟ ತೆಗೆಸಬಲ್ಲ. ಎರಡು ಹಸುವಿನ ಹೆಂಗಸಿಗೆ ಅದು ಮನೆಯ ವಸ್ತುವಲ್ಲ, ಸಂಘದ ವಸ್ತುವಾಗಬೇಕು. ಹಾಲಿನ ಕೊಬ್ಬು ಅಳೆಯುವ ಯಂತ್ರ ಪ್ರತಿ ಮನೆಯಲ್ಲೂ ಇದೆಯೇ? ಸಂಘದಲ್ಲಿದೆ. ಹಾಗೆ ಇದೂ ಒಂದು ಇದ್ದು, ಊರಿನ ಓದಿದ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಬೆಳಗಿನ ಜಾವ ಮನೆಮನೆಗೆ ಹೋಗಿ ನೋಡಿ ಬರೆದಿಟ್ಟರೆ ಆದೀತು ಎಂದು ನನಗನ್ನಿಸುತ್ತದೆ. ಬಂದವಳಿಗೆ ಯಾವ ಹಸು ಯಾವ ಮಗ್ಗುಲಲ್ಲಿ ಮಲಗುತ್ತದೆ ಎಂದು ಹೇಳಲು ಮನೆಯವಳು ಪಕ್ಕದಲ್ಲಿ ಇರಲೇಬೇಕು. ಪಟ ಮಾತ್ರ ನೋಡಿ ಎಲ್ಲೋ ಕೂತು ತೀರ್ಪು ಕೊಡುವವರ ಮೇಲೆ ನನಗೆ ಅಷ್ಟು ಭರವಸೆಯಿಲ್ಲ.

ರಜೆ ಮುಗಿದು ಹುಡುಗಿ ಹಾಸನಕ್ಕೆ ಹೋದಳು, ಕ್ಯಾಮೆರಾವೂ ಹೋಯಿತು. ಕೊಟ್ಟಿಗೆಯ ಗೂಡಿನಲ್ಲಿ ಈಗ ನಾಲ್ಕು ಪ್ಲಾಸ್ಟಿಕ್ ಬಟ್ಟಲು, ಒಂದು ಡಬ್ಬಿ ಸೋಪಿನ ಪುಡಿ ಇವೆ. ಭಾನುವಾರ ಸಂಜೆ ಹಾಸ್ಟೆಲಿನಿಂದ ಫೋನು ಬಂದಾಗ ಊಟ ಆಯಿತೇ, ಪರೀಕ್ಷೆ ಯಾವಾಗ ಎಂದು ವಿಚಾರಿಸುವುದೆಲ್ಲ ಅಣ್ಣನ ಪಾಲು. ಅತ್ತಿಗೆ ಕೈಗೆ ಫೋನು ಸಿಕ್ಕಿದ ತಕ್ಷಣ ಮೊದಲು ಹೇಳುವುದು, "ಎರಡರದ್ದೂ ನೋಡ್ದೆ ಕಣೆ. ಎಲ್ಲಾ ನೀರಾಗೈತೆ."